ಸರ ನುಂಗಿದ ಎಮ್ಮೆಯವರ ಸನ್ನಿಧಾನಕ್ಕೆ

ಜೆ.ಪಿ. ನಗರ, ಬೆಂಗಳೂರು
೧೯೮೩, ದೀಪಾವಳಿಗೆ ಮುಂಚಿನ ಬುಧವಾರ

ಸಾರಕ್ಕಿ ಕೆರೆಯ ಮಾಜಿ ನಿವಾಸಿಗಳೂ, ಹಾಲಿ ನಮ್ಮ ಮನೆಯ ಮುಂದಿನ ಸಂಪಿಗೆ ಮರಕ್ಕೆ ಕಟ್ಟಿಸಿಕೊಂಡಿರುವವರೂ ಆದ ಶ್ರೀಮತಿ ಚಂದ್ರಿ ಎಮ್ಮೆಯವರಿಗೆ,

ಮಾನ್ಯರೇ,

ನಾನು ಕ್ಷೇಮವಾಗಿಲ್ಲ, ತಾವು ಕ್ಷೇಮವಾಗಿದ್ದೀರೆಂಬುದು ಈ ಪತ್ರ ಬರೆಯುತ್ತಿರುವ ಕಿಟಕಿಯಿಂದಲೇ ಕಾಣುತ್ತಿದೆ. ತಮ್ಮ ಬೆನ್ನ ಮೇಲೆ ಕೂತು ಹೋಗುವ ಕಾಗೆಗಳೂ ಸೌಖ್ಯವೆಂದು ಭಾವಿಸುತ್ತೇನೆ. ಕಣ್ಣೆದುರಿಗೇ ಇರುವವರಿಗೆ ಪತ್ರವೇಕೆ ಎಂದು ತಾವು ಕೇಳಬಹುದು. ಎದುರು ನಿಂತು ನಾನು ಆಡಿದ ಮಾತಿಗೆಲ್ಲ ತಾವು ಎಡಗಿವಿಯನ್ನೊಮ್ಮೆ ಅಲ್ಲಾಡಿಸಿ ಸುಮ್ಮನಾಗಿದ್ದೀರಿ; ಆದಕಾರಣ ಇನ್ನು ನಾಲ್ಕು ಜನರಿಗೆ ತಿಳಿಯುವಂತೆ ಬಹಿರಂಗವಾಗಿಯೇ ಬಿನ್ನವಿಸಿಕೊಳ್ಳುತ್ತಿದ್ದೇನೆ. ನನ್ನ ಅಹವಾಲು ಒಂದೇ. ನನ್ನ ಹೆಂಡತಿಯ ಚಿನ್ನದ ಸರ ತಮ್ಮ ಹೊಟ್ಟೆಯಲ್ಲಿದೆ. ಅದನ್ನು ಶುಕ್ರವಾರ ಚನ್ನಪಟ್ಟಣದ ಬಸ್ಸಿನಲ್ಲಿ ನನ್ನ ಅತ್ತೆಯವರು ಬಂದಿಳಿಯುವುದರೊಳಗೆ ತಾವು ದಯಮಾಡಿ ಹಿಂತಿರುಗಿಸಬೇಕು.

ನನ್ನ ಪರಿಚಯವನ್ನು ಇದುವರೆಗೆ ಯಾರೂ ತಮಗೆ ಮಾಡಿಕೊಟ್ಟಿಲ್ಲ. ನಾನು ಚಲುವರಾಜು, ವಾರವೆಲ್ಲ ಒಂದು ಕಾರ್ಖಾನೆಯಲ್ಲಿ ರೇಡಿಯೋ ಬಿಡಿಭಾಗಗಳನ್ನು ಪರೀಕ್ಷಿಸುವವನು, ಭಾನುವಾರ ಮಾತ್ರ ನೆಲದೊಳಗೆ ಹುದುಗಿದ ಲೋಹವನ್ನು ಹುಡುಕುವವನು. ಈ ಹವ್ಯಾಸ ನನಗೆ ಅಂಟಿದ್ದು ಫುಟ್‌ಪಾತಿನಲ್ಲಿ ಕೊಂಡ ಒಂದು ಹಳೆಯ ವಿದೇಶಿ ಪತ್ರಿಕೆಯಿಂದ. ಅದರಲ್ಲಿ ಚಡ್ಡಿ ಹಾಕಿದ ವಯಸ್ಸಾದ ಸಾಹೇಬನೊಬ್ಬ ಉದ್ದನೆಯ ಕೋಲಿನ ತುದಿಗೆ ತಟ್ಟೆಯಂಥದ್ದೇನನ್ನೋ ಕಟ್ಟಿಕೊಂಡು ಸಮುದ್ರದ ದಂಡೆಯಲ್ಲಿ ನಡೆಯುತ್ತಿದ್ದ. ಮಗ್ಗುಲ ಚಿತ್ರದಲ್ಲಿ ಅವನ ಅಂಗೈಯಲ್ಲಿ ಒಂದು ಚಿನ್ನದ ನಾಣ್ಯವಿತ್ತು. ಅಷ್ಟು ಸಾಕಾಯಿತು. ನನ್ನ ಹೆಂಡತಿ ಸಾಕಮ್ಮನ ಮರದ ಜರಡಿಯ ಬಲೆ ಕಿತ್ತು, ಅದರ ಬಳೆಗೆ ತಾಮ್ರದ ತಂತಿ ಸುತ್ತಿ, ಒಂದು ಬಿದಿರು ಕೋಲಿಗೆ ಬಿಗಿದು, ಮೇಲುತುದಿಗೆ ಮನೆಯ ಟ್ರಾನ್ಸಿಸ್ಟರ್ ರೇಡಿಯೋ ಕಟ್ಟಿದೆ. ಕೆಳಗೆ ಲೋಹವಿದ್ದರೆ ನನ್ನ ಯಂತ್ರ ಕುಂಯ್ ಎಂದು ಕೂಗುತ್ತದೆ. ಇಲ್ಲದಿದ್ದರೆ ರೈತರಿಗೆ ಸಲಹೆ ಬರುತ್ತದೆ.

ಬೆಂಗಳೂರಿಗೆ ಸಮುದ್ರವಿಲ್ಲವೆಂಬ ಕೊರಗನ್ನು ನಾನು ನದಿಯಲ್ಲಿ ತೀರಿಸಿಕೊಳ್ಳಲು ನೋಡಿದೆ. ನಮ್ಮ ಪಾಲಿಗೆ ಬಂದಿರುವುದು ವೃಷಭಾವತಿ. ಅದರ ದಂಡೆಯಲ್ಲಿ ಮೂಗು ಮುಚ್ಚಿಕೊಳ್ಳಲು ಒಂದು ಕೈ ಬೇಕು, ಯಂತ್ರ ಹಿಡಿಯಲು ಎರಡೂ ಕೈ ಬೇಕು. ಆದರೂ ಬಿಡಲಿಲ್ಲ. ಸೋಡಾ ಮುಚ್ಚಳ, ಲಾಳದ ಚೂರು, ಯಾರೋ ಕಂಡಕ್ಟರ್ ಕಳೆದುಕೊಂಡ ಸೀಟಿ, ಇವನ್ನೆಲ್ಲ ತಂದು ತೊಳೆದು ಷೋಕೇಸಿನಲ್ಲಿ ಇಟ್ಟೆ. ಚಿನ್ನವೆಂದರೆ ಒಂದು ಕೂಗು, ತುಕ್ಕು ಹಿಡಿದ ಮೊಳೆಯೆಂದರೆ ಇನ್ನೊಂದು ಕೂಗು ಎಂಬ ಭೇದಭಾವ ನನ್ನ ಯಂತ್ರಕ್ಕಿಲ್ಲ. ಅದರ ಪಾಲಿಗೆ ಎಲ್ಲ ಲೋಹವೂ ಸಮಾನ. "ಬೇರೆಯವ್ರ ಗಂಡಂದ್ರು ಭಾನ್ವಾರ ಸಂತೆಗೆ ಹೋಗಿ ತರಕಾರಿ ತರ್ತಾರೆ, ನೀವು ಗುಜರಿ ತರ್ತೀರ" ಎಂದು ಸಾಕಮ್ಮ ಅನ್ನುತ್ತಿದ್ದಳು.

ಹೀಗಿರುವಾಗ ಗೌರಿಹಬ್ಬ ಬಂತು. ಸಾಕಮ್ಮನ ಕೊರಳಲ್ಲಿದ್ದ ಎರಡೆಳೆ ಸರ ಅವಳ ತಾಯಿ ಕೆಂಪಕ್ಕನವರದು. ಧಾರೆ ಮುಗಿದ ಮೇಲೆ ತಮ್ಮ ಕತ್ತಿನಿಂದ ತೆಗೆದು ಮಗಳಿಗೆ ಹಾಕಿದ್ದರು. ಪ್ರತಿವರ್ಷ ಅದನ್ನು ಮಣ್ಣಿನ ಗೌರಮ್ಮನಿಗೆ ತೊಡಿಸಿ ಪೂಜೆ ಮಾಡಿ, ಕೆರೆಗೆ ಬಿಡುವ ಮುಂಚೆ ತೆಗೆದು ತಾನು ಹಾಕಿಕೊಳ್ಳುವುದು ಸಾಕಮ್ಮನ ಪದ್ಧತಿ. ಈ ಸಲ ಸರ ಜಾರುತ್ತಿದೆಯೆಂದು ಅದನ್ನು ಸೇವಂತಿಗೆ ಹಾರದ ಸಮೇತ ದಾರದಿಂದ ಬಿಗಿದವನು ನಾನು. ಕಾರ್ಖಾನೆಯಲ್ಲಿ ಕಲಿತ ಗಂಟು, ಅಲುಗಾಡಲಿಲ್ಲ. ಸಾಕಮ್ಮ ಮೊಸರನ್ನ ಕಟ್ಟಿಕೊಡಲು ಒಳಗೆ ಹೋದಾಗ, ಮಳೆ ಬಂದೀತೆಂಬ ಆತುರದಲ್ಲಿ ಗೌರಿ ಗಣೇಶರನ್ನು ಮಣೆಯ ಸಮೇತ ಎತ್ತಿಕೊಂಡು ಸಾರಕ್ಕಿ ಕೆರೆಗೆ ನಡೆದವನೂ ನಾನೇ. ಭಕ್ತಿಯಿಂದ ಮೂರು ಸಲ ಮುಳುಗಿಸಿ ಕೈಬಿಟ್ಟೆ. ಸಂಪ್ರದಾಯದಂತೆ ಕೆರೆಯ ಮಣ್ಣನ್ನು ತಟ್ಟೆಯಲ್ಲಿಟ್ಟುಕೊಂಡು ಮನೆಗೆ ಬಂದಾಗ ಸಾಕಮ್ಮ ಬಾಗಿಲಲ್ಲೇ ನಿಂತಿದ್ದಳು. "ಸರ ಎಲ್ರೀ?" ಎಂದಳು. ನಾನು ತಟ್ಟೆ ನೋಡಿದೆ. ಅವಳೂ ನೋಡಿ, ಆ ಮಣ್ಣನ್ನು ಬೆರಳಿನಿಂದ ಕೆದಕಿದಳು.

ಅವಳು ಬೈಯಲಿಲ್ಲ, ಮಾನ್ಯರೇ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಅಂದಿನಿಂದ ಕತ್ತಿನ ಸುತ್ತ ಸೆರಗು ಹೊದ್ದುಕೊಂಡೇ ಓಡಾಡುತ್ತಿದ್ದಾಳೆ. ಹಾಲಿನ ಬೂತಿನ ಹತ್ತಿರ ಯಾರಾದರೂ ಕೇಳಿದರೆ "ಥಂಡಿ" ಅನ್ನುತ್ತಾಳೆ. ಸುಡುಬಿಸಿಲಿನಲ್ಲೂ ಥಂಡಿ.

ಮುಂದೆ ಬಂದ ಭಾನುವಾರವೇ ಯಂತ್ರ ಹೊತ್ತು ಕೆರೆಗೆ ಓಡಿದೆ. ಜನ್ಮದಲ್ಲಿ ಮೊದಲ ಸಲ ಅದಕ್ಕೊಂದು ಘನವಾದ ಕೆಲಸವಿತ್ತು. ದಂಡೆಯುದ್ದಕ್ಕೂ ರೈತರಿಗೆ ಸಲಹೆ ಬಂತು. ಮೂರ್ತಿಗಳನ್ನು ಬಿಟ್ಟಿದ್ದ ಕೆಸರಿನ ಬಳಿ ಬಂದಾಗ ಕುಂಯ್ ಎಂದಿತು, ಹಿಂದೆಂದೂ ಕೇಳದಷ್ಟು ಜೋರಾಗಿ. ಆ ಜಾಗದಲ್ಲಿ ತಾವು ಮಲಗಿದ್ದಿರಿ. ತಮ್ಮ ಅಡಿಯಲ್ಲಿ ಸರವಿದೆಯೆಂದು ನಂಬಿದ ನಾನು ತಮ್ಮನ್ನು ಏಳಿಸಲು ಪಟ್ಟ ಪಾಡನ್ನು ತಾವೇ ಅರೆಗಣ್ಣಿನಲ್ಲಿ ನೋಡಿದ್ದೀರಿ. ಹಿಂಡಿ ತಂದೆ; ಮಲಗಿದಲ್ಲೇ ತಿಂದಿರಿ. ಬೂಸಾ ಕಲಸಿ ದೂರದಲ್ಲಿಟ್ಟೆ. ಬೇರೆ ಎಮ್ಮೆ ತಿಂದಿತು. ಕೈಮುಗಿದೆ, ಗದರಿದೆ, ಕೊನೆಗೆ ಪಕ್ಕದಲ್ಲಿ ನಾನೂ ಕೂತೆ. ಲೇಔಟಿನ ಜನ ವಾಕಿಂಗ್ ನಿಲ್ಲಿಸಿ ನೋಡತೊಡಗಿದರು. ಈ ಯಂತ್ರದಲ್ಲಿ ಎಮ್ಮೆಗಳಿಗೆ ರೇಡಿಯೋ ಕೇಳಿಸಿದರೆ ಹಾಲು ಹೆಚ್ಚುತ್ತದಂತೆ ಎಂದು ಒಬ್ಬರು ಇನ್ನೊಬ್ಬರಿಗೆ ವಿವರಿಸಿದರು.

ತಮ್ಮ ಒಡತಿ, ಜರಗನಹಳ್ಳಿಯ ಮುನಿವೆಂಕಟಮ್ಮ, ದಡದಲ್ಲಿ ಎಲೆಯಡಿಕೆ ಹಾಕಿಕೊಂಡು ಕೂತಿದ್ದರು. ಸ್ವಲ್ಪ ಹೇಳಿ ಏಳಿಸಿ ಎಂದು ನಾನು ಬೇಡಿದ್ದಕ್ಕೆ, "ಎದ್ದೇಳು ಅಂದ್ರೆ ಏಳಕ್ಕೆ ಅದೇನ್ ನಿಮ್ ಆಫೀಸ್ ಜವಾನನಾ ಸಾಮಿ? ಬಿಸ್ಲು ಇಳೀಲಿ, ಅದ್ಕೇ ಮನ್ಸಾದ್ರೆ ಏಳ್ತದೆ" ಎಂದರು. ಬಿಸಿಲು ಇಳಿಯಿತು. ತಮಗೂ ಮನಸ್ಸಾಯಿತು. ತಾವು ಎದ್ದ ಜಾಗದಲ್ಲಿ ನಾನು ಆಸೆಯಿಂದ ಯಂತ್ರ ಹಿಡಿದರೆ, ಮೆಣಸಿನಕಾಯಿ ಬೆಳೆಗೆ ಬರುವ ರೋಗದ ವಿಚಾರ ಕೇಳಿಸಿತು. ದಿಕ್ಕು ತೋಚದೆ ಕೋಲನ್ನು ಅತ್ತ ತಿರುಗಿಸಿದೆ, ಅದು ತಮ್ಮ ಹೊಟ್ಟೆಯ ಪಕ್ಕಕ್ಕೆ ಬಂತು. ಕುಂಯ್!

ಕೂಗು ತಮ್ಮ ಜೊತೆಯಲ್ಲೇ ನಡೆದು ಹೋಗುತ್ತಿತ್ತು. ನಾನು ಬಾಯಿ ಬಿಟ್ಟುಕೊಂಡು ನಿಂತಿದ್ದಾಗ ಮುನಿವೆಂಕಟಮ್ಮನವರು ಎಲೆಯಡಿಕೆ ಉಗುಳಿ, "ಹಬ್ಬದ್ ಮಾರ್ನೆ ದಿನ ಇದು ಮೇವೇ ಮುಟ್ಲಿಲ್ಲ ಸಾಮಿ, ನೀರ್ನಾಗಿದ್ದ ದೇವ್ರ ಹಾರಾನೇ ತಿಂದ್ಕೊಂಡಿತ್ತು" ಎಂದರು. ಹಾರಕ್ಕೆ ಸರವನ್ನು ಬಿಗಿದಿದ್ದ ನನ್ನ ಗಂಟು ನೆನಪಾಯಿತು. ಓಡಿಹೋಗಿ ಪಶುವೈದ್ಯರನ್ನು ಕರೆತಂದೆ. "ಒಳಗೆ ಹೋದ ಲೋಹ ಹೊಟ್ಟೇಲೇ ಕೂತ್ಬಿಡುತ್ತೆ ಸಾರ್, ಈಚೆ ಬರಲ್ಲ. ಆದ್ರೆ ಅದು ಸರಾನೇ ಅಂತ..." ಎಂದು ಅವರು ಇನ್ನೂ ಏನೋ ಹೇಳುತ್ತಿದ್ದರು, ಉಳಿದ ಮಾತು ಕೇಳಿಸಿಕೊಳ್ಳುವ ವ್ಯವಧಾನ ನನಗಿರಲಿಲ್ಲ. ತಮ್ಮ ಹೊಟ್ಟೆ ಕೊಯ್ಯುವ ಮಾತೆತ್ತಿದಾಗ ಮುನಿವೆಂಕಟಮ್ಮನವರು ಕುಡುಗೋಲು ತೆಗೆದುಕೊಂಡರು, ಅದು ತಮಗಾಗಿ ಅಲ್ಲ. ಕೊನೆಗೆ ರಾಜಿಯಾಯಿತು. ಮುಂಗಡ ಕಟ್ಟಿ ವರ್ಷಗಟ್ಟಲೆ ಕಾದು, ಆಗಷ್ಟೇ ನನ್ನ ಸರದಿ ಬಂದು ಕೈಸೇರಿದ್ದ ಸ್ಕೂಟರನ್ನು ಅವರ ಮಗ ತಿಮ್ಮರಾಯಪ್ಪನಿಗೆ ಕೊಟ್ಟು, ತಮ್ಮನ್ನು ನಾನು ಮನೆಗೆ ನಡೆಸಿಕೊಂಡು ಬಂದೆ. ಈಗ ಕನಕಪುರ ರಸ್ತೆಯಲ್ಲಿ ನಾನು ಬಸ್ಸಿಗೆ ನೇತಾಡುವಾಗ ತಿಮ್ಮರಾಯಪ್ಪ ಪಕ್ಕದಲ್ಲೇ ಹೋಗುತ್ತಾ ಹಾರ್ನ್ ಹೊಡೆದು ನಮಸ್ಕಾರ ಮಾಡುತ್ತಾನೆ.

ತಮ್ಮ ಗುಣಗಳನ್ನು ನಾನು ಮರೆಮಾಚುವವನಲ್ಲ. ಬ್ಯಾಂಕಿನ ಲಾಕರಿಗೆ ಅರ್ಜಿ ಹಾಕಿ ಜನ ಕಾಯುತ್ತಿರುವ ಈ ಕಾಲದಲ್ಲಿ, ಬೀಗದ ಕೈಯಿಲ್ಲದ, ಭಾನುವಾರವೂ ತೆರೆದಿರುವ, ಎರಡು ಹೊತ್ತು ಹಾಲನ್ನೂ ಕೊಡುವ ಲಾಕರು ತಾವು. ತಮ್ಮಂಥವರು ಬೀದಿಗೊಬ್ಬರಿದ್ದರೆ ಕಳ್ಳರು ಬೇರೆ ಕಸುಬು ಕಲಿಯಬೇಕಾಗುತ್ತಿತ್ತು. ಆದರೆ ಲಾಕರಾದ ಮೇಲೆ ಇಟ್ಟವರು ಕೇಳಿದಾಗ ತೆರೆಯಬೇಕಷ್ಟೆ? ಆದ್ದರಿಂದ ತಾವು ಮೆಲುಕು ಹಾಕುವಾಗ, ಹೇಗೂ ಹುಲ್ಲು ಮೇಲಕ್ಕೆ ಬರುತ್ತದೆ, ಅದರ ಜೊತೆ ಸರವನ್ನೂ ತಂದು ಬಾಯಿಯ ಬಲಭಾಗದಲ್ಲಿ ಒಂದು ನಿಮಿಷ ಇಟ್ಟುಕೊಳ್ಳಬೇಕು. ಅದಾಗದಿದ್ದರೆ ಒಮ್ಮೆ ಕೆಮ್ಮಬೇಕು. ಅದೂ ಆಗದಿದ್ದರೆ ಶುಕ್ರವಾರ ಅತ್ತೆಯವರು ಗೇಟು ತೆಗೆಯುವ ಹೊತ್ತಿಗೆ, ಸಾಕಮ್ಮ ತಲೆ ತಗ್ಗಿಸಿ ನಿಲ್ಲದ ಹಾಗೆ, ತಾವೇ ಮುಂದೆ ಬಂದು ನಡೆದದ್ದನ್ನು ವಿವರಿಸಬೇಕು. ನನಗೆ ಆ ಧೈರ್ಯವಿಲ್ಲ.

ತಮ್ಮ ಹಗ್ಗದ ಇನ್ನೊಂದು ತುದಿಯನ್ನು ಹಿಡಿದಿರುವ,
ತಮ್ಮ ವಿಶ್ವಾಸಿ,
ಚಲುವರಾಜು

ಮರೆತ ಮಾತು: ಪತ್ರವನ್ನು ಅಂಚೆಗೆ ಹಾಕುವಷ್ಟರಲ್ಲಿ ಶುಕ್ರವಾರವೇ ಬಂದುಬಿಟ್ಟಿತು. ಅತ್ತೆಯವರು ಚೀಲ ಇಳಿಸುವ ಮೊದಲೇ ಸಾಕಮ್ಮ ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ತಮ್ಮತ್ತ ಕೈ ತೋರಿಸಿದಳು. ಅತ್ತೆಯವರು ನನ್ನನ್ನು ನೋಡಲಿಲ್ಲ. ಯಂತ್ರ ತರಲು ಹೇಳಿದರು. ತಮ್ಮ ಹೊಟ್ಟೆಯ ಪಕ್ಕ ಹಿಡಿದೆ, ಕೂಗಿತು. ಅವರು ತಮ್ಮ ಕೊಂಬುಗಳ ನಡುವಿನ ಹಣೆಗೆ ಕುಂಕುಮವಿಟ್ಟು, "ಗೌರಮ್ಮ ಎಲ್ಲಿ ಇಟ್ಟವ್ಳೋ ಅಲ್ಲೇ ಇರ್ಲಿ ಬಿಡು ಮಗ, ಕಳ್ಕೊಂಡಂಗಾಯ್ತಾ?" ಎಂದರು. ಸಾಕಮ್ಮ ಗಳಗಳನೆ ಅತ್ತಳು. ಆಮೇಲೆ ಕತ್ತಿನ ಸೆರಗು ತೆಗೆದು ಅದರಲ್ಲೇ ಕಣ್ಣೊರೆಸಿಕೊಂಡು ಕಾಫಿ ಮಾಡಲು ಒಳಗೆ ಹೋದಳು, ಅತ್ತೆಯವರೂ ಹಿಂದೆಯೇ ಹೋದರು. ಅವಳ ಬರಿಯ ಕತ್ತನ್ನು ನಾನು ಬಹಳ ದಿನದ ಮೇಲೆ ನೋಡಿದೆ, ನೋಡಿ ಸಂತೋಷವಾಯಿತು.

ಅದೇ ವೇಳೆಗೆ ಮುನಿವೆಂಕಟಮ್ಮನವರು ಉಳಿದ ಎಮ್ಮೆಗಳನ್ನು ಹೊಡೆದುಕೊಂಡು ನಮ್ಮ ರಸ್ತೆಯಲ್ಲಿ ಬಂದರು. ಯಂತ್ರ ಇನ್ನೂ ನನ್ನ ಕೈಯಲ್ಲಿ ಚಾಲೂ ಇತ್ತು. ಗೇಟಿಗೆ ಮೈ ಉಜ್ಜಿಕೊಂಡು ಹೋದ ಮೊದಲನೆಯ ಎಮ್ಮೆಗೆ ಅದು ಕೂಗಿತು. ಎರಡನೆಯದಕ್ಕೂ ಕೂಗಿತು. ಮನೆ ಕಟ್ಟುವ ಕಡೆಯಲ್ಲೆಲ್ಲ ಮೊಳೆ, ತಂತಿ ಬಿದ್ದಿರುವ ಈ ಲೇಔಟಿನಲ್ಲಿ ಮೇಯುವ ತಮ್ಮ ಬಂಧುಬಳಗ ಪೂರ್ತಿ, ಕಡೆಯ ಕರುವಿನವರೆಗೂ, ತಮ್ಮಷ್ಟೇ ಜೋರಾಗಿ ಕೂಗಿಸಿಕೊಂಡು ಹೋಯಿತು. ಪಶುವೈದ್ಯರ ಉಳಿದರ್ಧ ಮಾತು ನನಗೆ ಆಗ ಕೇಳಿಸಿತು. ಮುನಿವೆಂಕಟಮ್ಮನವರು ನಿಂತು, "ಇನ್ನೂ ಯಾವ್ದಾದ್ರೂ ಬೇಕಾ ಸಾಮಿ? ನಮ್ ತಿಮ್ಮರಾಯ ಈಗ ಟೀವಿ ಬೇಕು ಅಂತಾವ್ನೆ" ಎಂದರು.

ಅಡಿಗೆಮನೆಗೆ ಇದು ಕೇಳಿಸಿಲ್ಲ. ನಾನು ಬರೆದದ್ದನ್ನು ಸಾಕಮ್ಮ ಓದುವ ವಾಡಿಕೆಯೂ ಇಲ್ಲ. ಆದ್ದರಿಂದ ಮಾನ್ಯರೇ, ಮೇಲಿನ ಬೇಡಿಕೆಗಳನ್ನೆಲ್ಲ ಈ ಮೂಲಕ ಹಿಂತೆಗೆದುಕೊಳ್ಳುತ್ತಿದ್ದೇನೆ. ಕೆಮ್ಮಬೇಡಿ. ತಮ್ಮ ಹೊಟ್ಟೆಯಲ್ಲಿ ಸರವಿಲ್ಲದಿದ್ದರೂ ಚಿಂತೆಯಿಲ್ಲ. ಇರುವ ಮೊಳೆಯನ್ನು ಮಾತ್ರ ದಯವಿಟ್ಟು ಜೋಪಾನ ಮಾಡಿ.