ಮೂಟೆ ಬಾಯಿಗೆ ಮರುಳಾಗದ ಮಿಷಿನ್ನು

ನಮ್ಮ ಹಿರಿಯೂರಿನ ಬೀದಿಯಾಗೆ ಕಾಗೆ ಕೂತ್ರೂ ಒಂದು ಕತೆ ಹುಟ್ಟುತ್ತೆ. ಅದೇನು ಅಂತ ನೋಡದೆ ನನಗೆ ಕುಂತಲ್ಲಿ ಕುಂತ್ಕಣಾಕಾಗಲ್ಲ. ಮೊಣಕಾಲು ನೋವು, ಮೆಟ್ಲು ಹತ್ತಬೇಡ ಅಂದಾರೆ ಡಾಕ್ಟ್ರು. ಪಕ್ಕದ ಮನೆ ಮೆಟ್ಲು ಅಂತೇನೂ ಹೇಳಿಲ್ಲ.

ಮೊದಲನೇ ಮಿಷಿನ್ನು

ಪಕ್ಕದ ಮನೆಯೋನು ಶೇಂಗಾ ದಲ್ಲಾಳಿ. ಅವನ ಮಗಳು ಚಿತ್ರದುರ್ಗದಾಗೆ ಕಂಪ್ಯೂಟ್ರು ಓದ್ತಾಳೆ. ಬೊಗಸೆ ಶೇಂಗಾ ತೋರಿಸಿದ್ರೆ ಮಾಲು ಎಂಥದ್ದು ಅಂತ ಹೇಳೋ ಮಿಷಿನ್ನು ಫೋನಿನಾಗೇ ಮಾಡ್ತೀನಿ ಅಂತ ಹಟ ಹಿಡಿದ್ಲು.

"ಮಂಡಿಯೋರು ಒಪ್ಪಿದ್ರೆ ಮುಂದಕ್ಕೆ ಓದು. ಇಲ್ಲಾಂದ್ರೆ ಹೊಸದುರ್ಗದ ಗಂಡಿಗೆ ಹೂಂ ಅಂತೀನಿ" ಅಂದ ಅಪ್ಪ.

ಮೂಟೆ ಬಾಯಿಗೆ ಗಟ್ಟಿ ಕಾಯಿ, ತಳಕ್ಕೆ ಜೊಳ್ಳು ತುಂಬೋದು ಇಲ್ಲಿನ ಹಳೇ ವಿದ್ಯೆ. ಮಗಳು ಮಿಷಿನ್ನು ಮಾಡಿ ತಂದಾಗ ಅದೇ ರೂಢಿಯಾಗೆ ಅಪ್ಪ ಫೋನಿನ ಮುಂದೆ ಗಟ್ಟಿ ಕಾಯಿ ಮೊದಲು ಹಿಡಿದ, ಜೊಳ್ಳು ಕೊನಿಗೆ. "ಒಳ್ಳೆ ಮಾಲು" ಅಂತು. ಅವೇ ಕಾಯಿ, ಜೊಳ್ಳು ಮೊದಲು ಹಿಡಿದ. "ಕಳಪೆ ಮಾಲು" ಅಂತು! ಹುಡುಗಿ ಮುಖ ಬಾಡಿಹೋಯ್ತು.

"ಅಳಬೇಡ ಕಣವ್ವಾ," ಅಂದೆ ನಾನು. "ನನ್ನ ಸೊಸೆನೂ ಹಿಂಗೇ. ಮೊದಲು ಬಂದು ಚಾಡಿ ಹೇಳಿದೋರದ್ದೇ ಸರಿ ಅವಳಿಗೆ. ಅದಕ್ಕೇ ನಾನು ಎಲ್ಲಾರಿಗಿಂತ ಮೊದಲು ಹೋಗೋದು."

ಬಾಗಿಲ ಹಿಂದಿನ ಗಂಡಸು

ಆಮೇಲೆ ಹುಡುಗಿ ಮಹಡಿ ಕೋಣೆ ಸೇರಿ ಬಾಗಿಲು ಹಾಕ್ಕಂಡ್ಲು. ಒಂದಿನ ಮಧ್ಯಾಹ್ನ ಒಳಗಿಂದ ಗಂಡಸಿನ ದನಿ! ನನ್ನ ಜೀವ ನಿಲ್ಲಲಿಲ್ಲ. ಬೀದಿಗೆ ಸುದ್ದಿ ಮುಟ್ಟಿಸಿ, ಆಮೇಲೆ ಮೆಟ್ಲು ಹತ್ತಿ ಕಿವಿಗೊಟ್ಟೆ.

"ಸಾಧಾರಣ" ಅಂತಾನೆ. ಮೊರದ ಸದ್ದು. ಮತ್ತೆ "ಸಾಧಾರಣ". ಬಾಗಿಲು ದಬ್ಬಿದೆ. ಹುಡುಗಿ ಒಬ್ಬಳೇ ಕುಂತಾಳೆ, ಕೈಯಾಗೆ ಶೇಂಗಾ ಮೊರ, ಎದುರಿಗೆ ಮಾತಾಡೋ ಫೋನು.

"ಅಜ್ಜಿ, ಹೊಸ ಮಿಷಿನ್ನು. ಒಂದೊಂದು ಕಾಯಿನೂ ಬೇರೆಬೇರೆ ನೋಡಿ, ಎಲ್ಲಾದನ್ನೂ ಒಟ್ಟಿಗೆ ಕೂಡಿಸ್ಕಂಡು ಆಮೇಲೆ ಹೇಳುತ್ತೆ. ಹೆಂಗೆ ಕಲಸಿ ತೋರ್ಸಿದ್ರೂ ಮಾತು ಬದಲಾಗಲ್ಲ."

ಆವಾಗ ನಂಬಿದೆ. ಹೊತ್ತಾರೆ ಹೇಳಿದ್ದನ್ನೇ ಸಂಜಿಗೂ ಹೇಳೋದು ಗಂಡಸಿನ ಕೈಲಾಗೋ ಕೆಲಸ ಅಲ್ಲ, ಮಿಷಿನ್ನೇ ಸರಿ.

ಮಂಡಿಯಾಗೆ

ಮಿಷಿನ್ನಿನ ಪರೀಕ್ಷೆಗೆ ಧರ್ಮಪುರದ ಕಡೆ ರೈತನೊಬ್ಬ ಮಾಲು ತಂದ. ತಟ್ಟೆಯಾಗೆ ಗಟ್ಟಿ ಕಾಯಿ ಮುಂದಕ್ಕೆ ಜೋಡಿಸಿ, ಜೊಳ್ಳು ಹಿಂದಕ್ಕೆ ತಳ್ಳಿ, ಫೋನಿಗೆ ಕೈ ಮುಗಿದ.

"ಕಳಪೆ" ಅಂತು.

ತಟ್ಟೆ ತಿರುಗಿಸಿದ. "ಕಳಪೆ". ಕಲಸಿದ. "ಕಳಪೆ". ಬೆವರು ಒರೆಸ್ಕಂಡು ಅಂದ, "ಇದಕ್ಕೆ ಮರ್ಯಾದಿ ಕೊಟ್ರೂ ತಿಳಿಯಲ್ಲ, ದಾಕ್ಷಿಣ್ಯನೂ ಇಲ್ಲ. ಇದನ್ನ ಯಾವ ತಾಯಿ ಹೆತ್ಲಪ್ಪಾ?"

ಮಂಡಿ ಮಂದಿಯೆಲ್ಲಾ ಹುಡುಗಿ ಕಡೆ ಕೈ ತೋರ್ಸಿದ್ರು. ಖರೀದಿದಾರರು ಒಪ್ಪಿದ್ರು. ಅಪ್ಪ ಮಾತ್ರ, "ಗಂಡಿನ ಕಡೆಯೋರಿಗೆ ಬರ್ರಿ ಅಂದುಬಿಟ್ಟೀನಿ, ಒಂದ್ಸಲ ಕೇಳಾಣ" ಅಂತ ರಾಗ ಎಳೆದ.

ಹೊಸದುರ್ಗದ ಮೂಟೆ

ಸಂಬಂಧ ತಂದ ಮದ್ವೆ ದಲ್ಲಾಳಿ ಗಂಡಿನ ಕಡೆಯೋರ ಜೊತೆ ಬಂದು, ಚಾಪೆ ಮೇಲೆ ಕುಂತು ಶುರು ಮಾಡಿದ. "ಗಂಡಿಗೆ ಸರ್ಕಾರಿ ಕೆಲಸ ಐತೆ. ತೆಂಗಿನ ತೋಟ ಐತೆ. ಆರ್‌ಸಿಸಿ ಮನೆ. ಬೀಡಿ ಮುಟ್ಟಲ್ಲ. ತಾಯಿ ದೇವರಂಥೋರು. ಹಿಂದೆ ಒಂದು ಮದ್ವೆ ಆಗಿತ್ತು, ಇರ್ಲಿ. ಕಾರೂ ಐತೆ."

ಅಪ್ಪ ಒಂದೊಂದಕ್ಕೂ ತಲೆ ಆಡಿಸ್ತಾ ಕುಂತಾನೆ! ಹುಡುಗಿ ಬಾಗಿಲಾಗೆ ಸೆರಗು ತಿರುವುತಾ ನಿಂತಾಳೆ. ನಾನು ಚಾಪೆ ಹತ್ರಕ್ಕೆ ಸರಿದೆ.

"ಒಂದಿಷ್ಟು ಕಲಸಿ ಹೇಳ್ರಿ," ಅಂದೆ. "ಅವೇ ಮಾತು, ಮದ್ವೆ ವಿಷ್ಯ ಮೊದಲು ಬರ್ಲಿ."

ಅವನು ಮತ್ತೆ ಶುರು ಮಾಡಿದ. "ಹಿಂದೆ ಒಂದು ಮದ್ವೆ ಆಗಿತ್ತು..."

ಅಪ್ಪನ ಕಾಫಿ ಲೋಟ ಬಾಯಿ ಹತ್ರ ನಿಂತೋಯ್ತು. "ಏನಂದ್ರಿ? ಏಳ್ರಿ ಮೇಲೆ!"

"ಆವಾಗ್ಲೂ ಇದನ್ನೇ ಹೇಳಿದ್ನಲ್ರಿ! ತಲೆ ಆಡಿಸಿದ್ರಿ!"

"ಆವಾಗ ನಾನು ಮೂಟೆ ಬಾಯಿ ನೋಡ್ತಿದ್ದೆ!"

ಅವರು ಹೋದ ಮೇಲೆ ಅಪ್ಪ ತಲೆ ಕೆರಕಂಡು ಮಗಳ್ನ ಕೇಳಿದ. "ಓದು ಹೋಗವ್ವಾ, ನಾನು ಬ್ಯಾಡ ಅನ್ನಲ್ಲ. ಅಲ್ಲ, ಗಂಡಿನ ಗುಣ ಹೇಳಾಕೂ ಆ ಮಿಷಿನ್ನಿಗೆ ಬರುತ್ತೇನು?"

"ಕಲಿಸಬೋದಪ್ಪ. ಆದ್ರೆ ಒಬ್ಬ ಗಂಡು ಸಾಲಲ್ಲ, ಕಲಿಯಾಕೆ ಅದಕ್ಕೆ ರಾಶಿ ಬೇಕು."

ಚಪ್ಪಲಿ ಮೆಟ್ಟೋಕೂ ನನಗೆ ಪುರುಸೊತ್ತಾಗಲಿಲ್ಲ. ಶೇಂಗಾ ದಲ್ಲಾಳಿ ಮಗಳು ಗಂಡುಗಳ ರಾಶಿನೇ ಕೇಳ್ತಾಳಂತೆ ಅಂತ ಬೀದಿಗೆಲ್ಲಾ ಹೇಳಿ ಬಂದೆ. ಮಿಷಿನ್ನಿನ ವಿಷ್ಯ ಮೂಟೆ ತಳದಾಗೆ ಐತೆ, ಬೇಕಾದೋರು ಕೈ ಹಾಕಿ ನೋಡ್ಕಳ್ಳಿ.