ದೋಷವಿಲ್ಲದ ಹನ್ನೊಂದನೇ ಮನೆ

ಥಾರ್ನ್‌ಬೆಕ್ ಪಟ್ಟಣದ ಸ್ಕೈಲಾರ್ಕ್ ಬಡಾವಣೆಯ ಹನ್ನೊಂದನೇ ನಂಬರಿನ ಮನೆಯಲ್ಲಿ ಯಾವ ದೋಷವೂ ಇರಲಿಲ್ಲ. ಈ ಗಂಭೀರ ಸಮಸ್ಯೆ ಬೆಳಕಿಗೆ ಬಂದದ್ದು ಕಳೆದ ಜೂನ್ ತಿಂಗಳಲ್ಲಿ. ನಾನು ಬಡಾವಣೆಯ ನಿವಾಸಿಗಳ ಸಮಿತಿಯ ಕಾರ್ಯದರ್ಶಿ. ಮೇಲಾಗಿ ಆ ಮನೆಯೊಂದಿಗೆ ನಡುಗೋಡೆ ಹಂಚಿಕೊಂಡಿರುವ ಹನ್ನೆರಡನೇ ಮನೆಯ ವಾಸಿ. ಆದ್ದರಿಂದ ನಡೆದದ್ದನ್ನು ದಾಖಲಿಸುವ ಕರ್ತವ್ಯ ನನ್ನ ಮೇಲೆ ಬಿದ್ದಿದೆ.

ಮನೆಯ ಮಾಲೀಕರು ಕ್ಲೈವ್ ಮತ್ತು ಬೆರಿಲ್ ಆಸ್ಕಮ್ ದಂಪತಿ. ಕ್ಲೈವ್ ನಲವತ್ತೊಂದು ವರ್ಷ ಇಟ್ಟಿಗೆ ಕೆಲಸ ಮಾಡಿ ನಿವೃತ್ತನಾದವನು. ನಾಲ್ಕು ವರ್ಷದ ಹಿಂದೆ ಈ ಮನೆ ಏಳುತ್ತಿದ್ದಾಗ ದಿನವೂ ಬಂದು, ಬೇಲಿಯಾಚೆ ನಿಂತು, ಗಾರೆಯವರನ್ನು ಬಾಯಿಗೆ ಬಂದಂತೆ ಬೈದು, ಒಂದೇ ಗೋಡೆಯನ್ನು ಮೂರು ಸಲ ಬಿಚ್ಚಿಸಿ ಕಟ್ಟಿಸಿದ್ದ. ಹಳೆಯ ಮನೆ ಮಾರಿ ಇದನ್ನು ಕೊಂಡಿದ್ದರಿಂದ ಆಗ ಸಾಲದ ಮಾತೇ ಬರಲಿಲ್ಲ. ಮನೆಯ ಜೊತೆಗೆ ಎವರ್‌ಬ್ರಿಕ್ ಎಂಬ ಕಂಪನಿಯ ಖಾತರಿಪತ್ರವೂ ಬಂದಿತ್ತು. ಹತ್ತು ವರ್ಷದೊಳಗೆ ಕಟ್ಟಡ ಬಿರುಕು ಬಿಟ್ಟರೆ, ವಾಲಿದರೆ, ಕುಸಿದರೆ ಕಂಪನಿಯೇ ಸರಿಮಾಡಿಸಿಕೊಡುತ್ತದೆ. ಬೆರಿಲ್ ಅದಕ್ಕೆ ಚೌಕಟ್ಟು ಹಾಕಿಸಿ, ಬಂದವರೆಲ್ಲ ನಿಧಾನವಾಗಿ ಓದಲೆಂದು ಶೌಚಾಲಯದಲ್ಲಿ ತೂಗುಹಾಕಿದ್ದಳು.

ಜೂನ್‌ನಲ್ಲಿ ಅವರು ಮನೆ ಮಾರಲು ನಿರ್ಧರಿಸಿದರು. ಬೆರಿಲ್‌ಳ ಅವಳಿ ಅಕ್ಕ ಮ್ಯೂರಿಯಲ್ ಸಮುದ್ರದ ದಂಡೆಯ ಫೈಲಿ ಎಂಬ ಊರಿನಲ್ಲಿ ಒಬ್ಬಳೇ ಇದ್ದಳು. ಅವಳಿಗೆ ಕಣ್ಣು ಮಂಜಾಗುತ್ತ ಬಂದಿತ್ತು. ಅವಳ ಪಕ್ಕದ ಮನೆ ಖಾಲಿಯಾಗಿತ್ತು, ಅದರ ಮಾಲೀಕ ಸೆಪ್ಟೆಂಬರ್ ಮುಗಿಯುವವರೆಗೆ ಕಾಯುತ್ತೇನೆ ಎಂದಿದ್ದ. ಹನ್ನೊಂದನೇ ಮನೆಯನ್ನು ಕೊಳ್ಳಲು ಮುಂದೆ ಬಂದವಳು ಇಮೋಜೆನ್ ಸ್ವೇಲ್, ಹೆರಿಗೆ ವಾರ್ಡಿನ ನರ್ಸ್. ಅವಳಿಗೇ ಆಗ ಆರು ತಿಂಗಳು. ಅವಳು ಒಟ್ಟರ್‌ವಿಕ್ ಗೃಹಸಾಲ ಸಂಘಕ್ಕೆ ಅರ್ಜಿ ಹಾಕಿದಳು. ಸಂಘದಿಂದ ಮಿಸ್ಟರ್ ಲಯನೆಲ್ ಪರ್ಕಿಸ್ ಎಂಬ ಅತ್ಯಂತ ಸಭ್ಯ ಅಧಿಕಾರಿ ಖುದ್ದಾಗಿ ಬಂದರು.

“ಮನೆ ಬಗ್ಗೆ ನಮ್ಮದೇನೂ ತಕರಾರಿಲ್ಲ,” ಎಂದರು ಪರ್ಕಿಸ್. “ತಕರಾರಿರೋದು ಖಾತರಿ ಬಗ್ಗೆ. ಸಾಲಕ್ಕೆ ನಾವು ಒಪ್ಪೋ ಖಾತರಿ ಕಂಪನಿಗಳ ಪಟ್ಟಿಯಲ್ಲಿ ಎವರ್‌ಬ್ರಿಕ್ ಇಲ್ಲ.”

“ಯಾಕಿಲ್ಲ?” ಎಂದ ಕ್ಲೈವ್.

“ಆ ಕಂಪನಿ ಇಲ್ಲಿವರೆಗೆ ಯಾರಿಗೂ ಪರಿಹಾರ ಕೊಟ್ಟೇ ಇಲ್ಲ. ಕೊಡದೇ ಇರೋರು ಮುಂದೆ ಕೊಡ್ತಾರೆ ಅಂತ ಹೇಗೆ ನಂಬೋದು?”

“ಮನೆ ಬೀಳದೆ ಪರಿಹಾರ ಯಾಕ್ರೀ ಕೊಡ್ತಾರೆ?”

“ಬೀಳದೇ ಇರೋದು ಮನೆಯ ಗುಣ, ಮಿಸ್ಟರ್ ಆಸ್ಕಮ್. ಅದರ ಶ್ರೇಯಸ್ಸನ್ನ ಖಾತರಿಗೆ ಕೊಡೋಕಾಗಲ್ಲ.” ಪರ್ಕಿಸ್ ಮತ್ತೊಂದು ಬಿಸ್ಕತ್ತನ್ನು ಚಹಾದಲ್ಲಿ ಅದ್ದಿದರು. “ಒಂದೇ ಒಂದು ಸಲ ಪರಿಹಾರ ಕೊಡಲಿ. ಮರುದಿನವೇ ಪಟ್ಟಿಗೆ ಸೇರಿಸ್ತೀವಿ.”

ಕ್ಲೈವ್ ಎವರ್‌ಬ್ರಿಕ್‌ಗೆ ಫೋನ್ ಮಾಡಿದ. ಪರಿಹಾರ ವಿಭಾಗದ ಮುಖ್ಯಸ್ಥೆ ಮಿಸೆಸ್ ಟಾಂಕ್ಸ್‌ಗೆ ಆದ ಸಂತೋಷ ಅಷ್ಟಿಷ್ಟಲ್ಲ. ಅವರ ವಿಭಾಗಕ್ಕೆ ಒಂಬತ್ತು ವರ್ಷದಲ್ಲಿ ಬಂದ ಮೊದಲ ಕರೆ ಅದು.

“ಖಂಡಿತ ಕೊಡ್ತೀವಿ! ಬಿರುಕು ಎಲ್ಲಿದೆ?”

“ಬಿರುಕಿಲ್ಲ.”

“ವಾಲಿದೆಯಾ?”

“ನಾನಿರೋ ಮನೆ ವಾಲುತ್ತೇನ್ರೀ?” ಕ್ಲೈವ್‌ಗೆ ರೇಗಿತು.

“ಹಾಗಾದ್ರೆ ಕಷ್ಟ,” ಎಂದರು ಟಾಂಕ್ಸ್, ನಿಜವಾದ ಮರುಕದಿಂದ. “ಕಲಂ ಹದಿನಾಲ್ಕರ ಪ್ರಕಾರ, ಎರಡು ಪೆನ್ನಿಯ ನಾಣ್ಯ ಅಂಚಿನಿಂದ ತೂರುವಷ್ಟು ಬಿರುಕು ಇರಬೇಕು. ಹಾಂ, ನೀವೇ ಸುತ್ತಿಗೆ ತಗೋಬಾರದು. ಬಿರುಕು ಸ್ವಂತ ಇಚ್ಛೆಯಿಂದ ಬಂದಿರಬೇಕು.”

ಕ್ಲೈವ್ ಒಂದು ವಾರ ನಾಣ್ಯ ಹಿಡಿದು ಗೋಡೆ ಗೋಡೆ ತಡಕಿದ. ಅಟ್ಟ ಹತ್ತಿದ, ಮೆಟ್ಟಿಲ ಕೆಳಗೆ ತೆವಳಿದ. ಎಲ್ಲೂ ತೂರಲಿಲ್ಲ. ಅವನ ಮುಖದಲ್ಲಿ ಹೆಮ್ಮೆ ಮತ್ತು ದುಃಖ ಸರದಿಯ ಮೇಲೆ ಬಂದು ಹೋಗುತ್ತಿದ್ದವು.

“ಎಲ್ಲಾ ನಿನ್ನಿಂದ್ಲೇ ಆಗಿದ್ದು,” ಎಂದಳು ಬೆರಿಲ್. “ಆ ಗಾರೆಯೋರನ್ನ ಸುಮ್ನೆ ಬಿಟ್ಟಿದ್ರೆ ಇಷ್ಟೊತ್ತಿಗೆ ನಾವು ಫೈಲಿಯಲ್ಲಿರ್ತಿದ್ವಿ.”

ಸಮಿತಿ ಕೈಕಟ್ಟಿ ಕೂರಲಿಲ್ಲ. ತುರ್ತುಸಭೆ ಕರೆದು, ನಾನು ಈ ಕೆಳಗಿನ ಪ್ರಕಟಣೆಯನ್ನು ಪ್ರತಿ ಮನೆಗೂ ತಲುಪಿಸಿದೆ:

“ಎಲ್ಲ ನಿವಾಸಿಗಳ ಗಮನಕ್ಕೆ. ಹನ್ನೊಂದನೇ ಮನೆಗೆ ಬಿರುಕಿನ ತೀವ್ರ ಅಭಾವವಿರುವುದರಿಂದ, ಆ ಮನೆಗೆ ಹೋದವರು ಬಾಗಿಲನ್ನು ಜೋರಾಗಿ ಹಾಕಿಕೊಂಡು ಬರತಕ್ಕದ್ದು. ಲಾರಿ ಉಳ್ಳವರು ಆ ದಾರಿಯಲ್ಲೇ ಸಂಚರಿಸತಕ್ಕದ್ದು. ಪಟ್ಟಣದ ಹಿತ್ತಾಳೆ ವಾದ್ಯಗೋಷ್ಠಿಯು ಇನ್ನು ಮುಂದೆ ಚರ್ಚಿನ ಸಭಾಂಗಣದ ಬದಲು ಆಸ್ಕಮ್ ಅವರ ಹಜಾರದಲ್ಲಿ ಅಭ್ಯಾಸ ಮಾಡತಕ್ಕದ್ದು. ಯಾರೂ ಗೋಡೆಯನ್ನು ನೇರವಾಗಿ ಮುಟ್ಟಬಾರದು.”

ಜನ ಮನಃಪೂರ್ವಕ ಸಹಕರಿಸಿದರು. ಪರಿಚಯವೇ ಇಲ್ಲದವರೂ ಬಂದು ಬಾಗಿಲು ಹಾಕಿ ಹೋದರು. ಇಪ್ಪತ್ತಾರು ಜನರ ವಾದ್ಯಗೋಷ್ಠಿ ಸೋಫಾದ ಮೇಲೆ, ಮೆಟ್ಟಿಲ ಮೇಲೆ, ಸ್ನಾನದ ತೊಟ್ಟಿಯಲ್ಲಿ ಕೂತು ಮೂರು ವಾರ ಊದಿತು. ಅತಿ ದೊಡ್ಡ ತುತ್ತೂರಿಯವನನ್ನು ಕ್ಲೈವ್ ತಾನೇ ನಡುಗೋಡೆಗೆ ಮುಖಮಾಡಿಸಿ ಕೂರಿಸಿದ. ಆಗಸ್ಟ್ ಹನ್ನೊಂದರ ಮಧ್ಯಾಹ್ನ ಗೋಡೆ ಬಿರುಕು ಬಿಟ್ಟಿತು.

ಅದು ನನ್ನ ಕಡೆಯ ಗೋಡೆ. ನನ್ನ ಮನೆ ಏಳುವಾಗ ಬೈಯಲು ಯಾರೂ ಇರಲಿಲ್ಲ.

ಮಿಸೆಸ್ ಟಾಂಕ್ಸ್ ಮರುದಿನವೇ ಕೇಕ್ ಹಿಡಿದು ಬಂದರು. ನಾಣ್ಯ ತೂರಿತು, ಅವರ ಕಣ್ಣು ತುಂಬಿ ಬಂತು. ನನ್ನದೂ ಎವರ್‌ಬ್ರಿಕ್ ಖಾತರಿಯ ಮನೆಯೇ ಆದ್ದರಿಂದ ವಾರದೊಳಗೆ ಪರಿಹಾರ ಬಂತು, ಸ್ಥಳೀಯ ಪತ್ರಿಕೆಯಲ್ಲಿ ಬಿರುಕಿನ ಜೊತೆ ನನ್ನ ಮತ್ತು ಟಾಂಕ್ಸ್ ಅವರ ಚಿತ್ರವೂ ಬಂತು. ಕೊಟ್ಟ ಮಾತಿನಂತೆ ಒಟ್ಟರ್‌ವಿಕ್ ಸಂಘ ಎವರ್‌ಬ್ರಿಕ್ಕನ್ನು ಮಂಗಳವಾರ ಪಟ್ಟಿಗೆ ಸೇರಿಸಿತು.

ಬುಧವಾರ ಪಟ್ಟಿಯಿಂದ ತೆಗೆಯಿತು.

“ಇದೇನ್ರೀ ಇದು?” ಕ್ಲೈವ್ ಸಂಘದ ಕಚೇರಿಗೇ ಹೋದ. ಬೆರಿಲ್, ಇಮೋಜೆನ್ ಮತ್ತು ನಾನು ಜೊತೆಗಿದ್ದೆವು.

“ಪತ್ರಿಕೆ ನೋಡಿದ್ವಿ,” ಎಂದರು ಪರ್ಕಿಸ್, ಬೇಸರದಿಂದ. “ಅವರು ಖಾತರಿ ಕೊಟ್ಟ ಮನೆಗಳು ಬಿರುಕು ಬಿಡ್ತವೆ ಅಂತ ಈಗ ಗೊತ್ತಾಯ್ತು. ಅಂಥವರನ್ನ ಪಟ್ಟಿಯಲ್ಲಿ ಇಟ್ಕೊಳ್ಳೋದು ಹೇಗೆ?”

ಇಮೋಜೆನ್ ಕುರ್ಚಿಯಲ್ಲಿ ಕುಸಿದಳು. ಈಗ ಅವಳಿಗೆ ಎಂಟು ತುಂಬಿತ್ತು. “ನಾನೀಗ ಇರೋ ರೂಮಲ್ಲಿ ತೊಟ್ಟಿಲು ಇಟ್ರೆ ಬಾಗಿಲು ತೆಗೆಯೋಕಾಗಲ್ಲ, ಮಿಸ್ಟರ್ ಪರ್ಕಿಸ್. ಬಾಗಿಲು ತೆಗೆದ್ರೆ ತೊಟ್ಟಿಲು ಇಡೋಕಾಗಲ್ಲ.”

“ನಾನೇ ಸಾಲ ಕೊಡೋ ಹಾಗಿದ್ರೆ ಈಗ್ಲೇ ಕೊಡ್ತಿದ್ದೆ,” ಎಂದರು ಪರ್ಕಿಸ್. “ಈ ಖಾತರಿ ನಿಯಮ ಇರೋದು ಹತ್ತು ವರ್ಷದೊಳಗಿನ ಹೊಸ ಮನೆಗಳಿಗೆ. ಹಳೇ ಮನೆಗೆ ಅದರ ಅಗತ್ಯವೇ ಇಲ್ಲ. ಹೋದ ತಿಂಗಳು ಒಂದು ಹಳೇ ಗಿರಣಿಗೆ ಸಾಲ ಕೊಟ್ವಿ, ಮಹಡಿ ಒಳಗೆ ಮರ ಬೆಳೆದಿತ್ತು.”

“ಅಂದ್ರೆ ನಾನು ಇನ್ನೂ ಆರು ವರ್ಷ ಕಾಯ್ಬೇಕಾ?” ಎಂದ ಕ್ಲೈವ್.

ಪರ್ಕಿಸ್ ಎದ್ದು ಕಿಟಕಿಯ ಬಳಿ ಹೋಗಿ, ನಮಗೆ ಬೆನ್ನು ಮಾಡಿ ನಿಂತರು. “ನಮ್ಮ ಮೌಲ್ಯಮಾಪಕರು ಕಾರಿಂದ ಇಳಿಯೋದಿಲ್ಲ. ನಮೂನೆಯ ಏಳನೇ ಅಂಕಣದಲ್ಲಿ, ‘ಮನೆಯ ಮುಂಭಾಗದಲ್ಲಿ ಇಸವಿ ಕಾಣಿಸಿದರೆ ಅದನ್ನೇ ಬರೆಯುವುದು’ ಅಂತಿದೆ. ಇವತ್ತು ಹವೆ ಚೆನ್ನಾಗಿದೆ, ಅಲ್ವಾ?”

ಮನೆಗೆ ಬರುವ ದಾರಿಯುದ್ದಕ್ಕೂ ಕ್ಲೈವ್ ಗೊಣಗುತ್ತಿದ್ದ. “ನಲವತ್ತೊಂದು ವರ್ಷದಲ್ಲಿ ಒಂದು ಇಟ್ಟಿಗೆಯನ್ನೂ ಸೊಟ್ಟ ಇಟ್ಟೋನಲ್ಲ. ಈಗ ಸುಳ್ಳು ಇಸವಿ ಕೆತ್ತಬೇಕಾ? ಆಗಲ್ಲ ಅಂದ್ರೆ ಆಗಲ್ಲ.”

“ನಿನ್ನೆ ಮ್ಯೂರಿಯಲ್ ಅಡುಗೆಮನೇಲಿ ಬಿದ್ದು ಎರಡು ಗಂಟೆ ನೆಲದ ಮೇಲೇ ಇದ್ಲಂತೆ,” ಎಂದಳು ಬೆರಿಲ್, ಬಸ್ಸಿನ ಕಿಟಕಿಯಿಂದ ಮುಖ ತಿರುಗಿಸದೆ. “ಪೋಸ್ಟಿನವನು ಬರೋವರೆಗೂ.”

ಮರುದಿನ ಬೆಳಿಗ್ಗೆ ಕ್ಲೈವ್ ಮರಳುಗಲ್ಲಿನ ಚಪ್ಪಡಿಯೊಂದನ್ನು ತಂದು, ಉಳಿ ಹಿಡಿದು ಕೂತ. ೧೮೭೪ ಎಂದು ಕೆತ್ತಿದ, ಬಹಳ ಅಂದವಾಗಿ. ಅದು ಅವನ ಮುತ್ತಾತ ಹುಟ್ಟಿದ ಇಸವಿ. ಮನೆಯನ್ನು ಆಗ ಕಟ್ಟಿದ್ದೆಂದು ಕಲ್ಲಿನ ಮೇಲೆ ಎಲ್ಲೂ ಬರೆದಿಲ್ಲ ಎಂಬುದನ್ನು ಅವನ ಕೋರಿಕೆಯ ಮೇರೆಗೆ ಇಲ್ಲಿ ದಾಖಲಿಸುತ್ತಿದ್ದೇನೆ. ಅವನು ಕಲ್ಲನ್ನು ಬಾಗಿಲ ಮೇಲೆ ಕೂರಿಸಿದ ನಂತರ, ಹಳೆಯದಾಗಿ ಕಾಣಲೆಂದು ಬೆರಿಲ್ ಅದಕ್ಕೆ ಮೊಸರು ಬಳಿದಳು. ಪಾಚಿ ಬೇಗ ಹಿಡಿಯಿತು.

ಮೌಲ್ಯಮಾಪಕರ ಕಾರು ಮನೆಯ ಮುಂದೆ ಕೊಂಚ ನಿಧಾನಿಸಿ ಹೋಯಿತು. ಅವರ ವರದಿಯ ಒಕ್ಕಣೆ: “ನೂರೈವತ್ತು ವರ್ಷ ಹಳೆಯ ಕಟ್ಟಡ. ವಯಸ್ಸನ್ನು ಗಮನಿಸಿದರೆ ಸ್ಥಿತಿ ಅಸಾಧಾರಣ. ಖಾತರಿ ಅನ್ವಯಿಸುವುದಿಲ್ಲ.” ಸಾಲ ನಾಲ್ಕು ದಿನದಲ್ಲಿ ಮಂಜೂರಾಯಿತು. ಸೆಪ್ಟೆಂಬರ್ ಇಪ್ಪತ್ತಾರಕ್ಕೆ ಆಸ್ಕಮ್ ದಂಪತಿ ಫೈಲಿಗೆ ಹೋದರು. ಹೊರಡುವಾಗ ಕ್ಲೈವ್ ಗೋಡೆಯನ್ನು ಒಮ್ಮೆ ಅಂಗೈಯಿಂದ ತಟ್ಟಿದ. ಮೂರು ದಿನದ ನಂತರ ಇಮೋಜೆನ್‌ಗೆ ಹೆಣ್ಣುಮಗು ಹುಟ್ಟಿತು. ತೊಟ್ಟಿಲು ಇಟ್ಟರೂ ಬಾಗಿಲು ತೆರೆಯುತ್ತದೆ.

ಈಗ ಬಡಾವಣೆಯ ಇಪ್ಪತ್ತೆರಡು ಮನೆಗಳ ಮೇಲೂ ಇಸವಿಗಳಿವೆ. ಮೂಲೆಯ ಮನೆಯವರು ೧೬೧೨ ಎಂದು ಹಾಕಿಸಿಕೊಂಡರು. ಅದು ಸ್ವಲ್ಪ ದುರಾಸೆ ಎಂಬುದು ಸಮಿತಿಯ ಅಭಿಪ್ರಾಯ. ಪುರಸಭೆ ನಮ್ಮ ಬೀದಿಯನ್ನು ಸಂರಕ್ಷಿತ ಪ್ರದೇಶವೆಂದು ಘೋಷಿಸಿದೆ. ಅಪ್ಪಣೆಯಿಲ್ಲದೆ ಕಿಟಕಿಗೆ ಬಣ್ಣ ಬಳಿಯುವಂತಿಲ್ಲ.

ಕಳೆದ ಶನಿವಾರ ಪಟ್ಟಣದ ಇತಿಹಾಸ ಸಂಘದ ಹದಿನೆಂಟು ಸದಸ್ಯರು ಹನ್ನೊಂದನೇ ಮನೆ ನೋಡಲು ಬಂದರು. ಇಮೋಜೆನ್ ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು, ಗೌರವಾರ್ಥ ಟಿವಿ ಆರಿಸಿ, ಎಲ್ಲರಿಗೂ ಚಹಾ ಕೊಟ್ಟಳು. ಹೊರಗೋಡೆಯಲ್ಲಿ ವಿದ್ಯುತ್ ಕಾರಿಗೆ ಚಾರ್ಜ್ ಹಾಕುವ ಪೆಟ್ಟಿಗೆ ಇರುವುದನ್ನು ಕಂಡು ಒಬ್ಬ ವೃದ್ಧೆ, “ಇದು ಯಾವ ಕಾಲದ್ದು?” ಎಂದು ಕೇಳಿದರು.

ಸಂಘದ ಅಧ್ಯಕ್ಷರು ಕನ್ನಡಕ ಏರಿಸಿ ಪೆಟ್ಟಿಗೆಯನ್ನು ಕೂಲಂಕಷವಾಗಿ ಪರಿಶೀಲಿಸಿದರು.

“ಮನೆ ಜೊತೆಗೇ ಕಟ್ಟಿದ್ದು,” ಎಂದರು. “ವಿಕ್ಟೋರಿಯಾ ರಾಣಿ ಕಾಲದವರು ಬಹಳ ಮುಂದಾಲೋಚನೆ ಜನ.”

ಎಲ್ಲರೂ ತಲೆಯಾಡಿಸಿ ಬರೆದುಕೊಂಡರು. ನಾನೂ ಬರೆದುಕೊಂಡೆ.