ಗೆದ್ದವರಿಗೆ ಒಂದು ತುಂಡು ಐಸ್

ಅಳಬೇಕಾದ ಜಾಗದಲ್ಲೇ ನಗು ಬರೋದು ನನ್ನ ಹಣೆಬರಹ ಇರ್ಬೇಕು. ಒಂದು ಸಲ ಆದ್ರೆ ಆಕಸ್ಮಿಕ ಅನ್ಬಹುದು, ನಮ್ಮ ವಾರ್ಡಿನಲ್ಲಿ ಇದು ವಾರಕ್ಕೆ ಮೂರು ಸಲ ಆಗುತ್ತೆ.

ಅಮೃತಹಳ್ಳಿಯಲ್ಲಿ ನನ್ನದೊಂದು ಬ್ಯೂಟಿ ಪಾರ್ಲರ್ ಇದೆ. ಕಂಡವರ ಹುಬ್ಬು ತಿದ್ಕೊಂಡು ಆರಾಮಾಗಿದ್ದೆ. ಎರಡೂ ಕಿಡ್ನಿ ಒಟ್ಟಿಗೇ ಕೈ ಕೊಟ್ಟವು. ಈಗ ವಾರಕ್ಕೆ ಮೂರು ಸಂಜೆ ಹೆಬ್ಬಾಳದ ಕಡೆ ಒಂದು ಆಸ್ಪತ್ರೆಗೆ ಹೋಗಿ, ಒಂದು ಕೈಯನ್ನ ಮೆಷಿನ್‌ಗೆ ಒಪ್ಪಿಸಿ, ನಾಲ್ಕು ಗಂಟೆ ಮಲಗ್ತೀನಿ. ರಕ್ತ ಹೊರಗೆ ಹೋಗಿ, ತೊಳೆಸ್ಕೊಂಡು, ವಾಪಸ್ ಬರುತ್ತೆ. ಇದಕ್ಕೆ ಡಯಾಲಿಸಿಸ್ ಅಂತಾರೆ. ಬಿಟ್ರೆ ಸಾಯ್ತೀವಿ, ಬಿಡದೇ ಇದ್ರೂ ಕೆಲವರು ಸಾಯ್ತಾರೆ. ಇಂಥ ಜಾಗದಲ್ಲಿ ನಾವು ಕ್ವಿಜ್ ಆಡ್ತಿದ್ವಿ ಅಂದ್ರೆ ಯಾರೂ ನಂಬಲ್ಲ.

ಟಿ.ವಿ. ಕೆಟ್ಟ ಸಂಜೆ

ಒಂದು ಸಂಜೆ ವಾರ್ಡಿನ ಟಿ.ವಿ. ಕೆಟ್ಟೋಯ್ತು. ಸೀರಿಯಲ್ಲಿನಲ್ಲಿ ಸೊಸೆಗೆ ವಿಷ ಹಾಕೋ ಸಮಯ. ಎಲ್ಲರಿಗೂ ಬಿ.ಪಿ. ಏರಿತು. ಮೆಷಿನ್ ನೋಡ್ಕೊಳ್ಳೋ ಟೆಕ್ನಿಷಿಯನ್ ಬಾಗಲಕೋಟೆ ಕಡೆಯವನು. ಸರ್ಕಾರಿ ಕೆಲಸದ ಪರೀಕ್ಷೆಗೆ ಅಂತ ಸದಾ ಕಂಕುಳಲ್ಲಿ ಒಂದು ಜನರಲ್ ನಾಲೆಜ್ ಗೈಡ್ ಇಟ್ಕೊಂಡೇ ಓಡಾಡ್ತಿದ್ದ.

"ಸುಮ್ನ ಯಾಕ ಒದರ್ತೀರಿ? ನಾ ಪ್ರಶ್ನೆ ಕೇಳ್ತೀನಿ, ನೀವು ಉತ್ತರ ಹೇಳ್ರಿ. ನಂದೂ ಓದಿದಂಗ ಆಗ್ತೈತಿ" ಅಂದ.

ಕಿಟಕಿ ಕಡೆ ಮಲಗಿದವರು ಒಂದು ಟೀಮು, ಗೋಡೆ ಕಡೆಯವರು ಇನ್ನೊಂದು. ಬಾಯಿ ಜೋರು ಅಂತ ಕಿಟಕಿ ಸಾಲಿಗೆ ನನ್ನನ್ನೇ ಕ್ಯಾಪ್ಟನ್ ಮಾಡಿದ್ರು. ಬಹುಮಾನ ಏನು ಅಂತ ಚರ್ಚೆ ಆಯ್ತು. ಚಾಕೊಲೇಟ್ ನಮಗೆ ಆಗಲ್ಲ, ಬಾಳೆಹಣ್ಣು ಆಗಲ್ಲ, ಎಳನೀರಂತೂ ನಮ್ಮ ಪಾಲಿಗೆ ವಿಷ. ನೀರೂ ಅಳೆದು ಕುಡಿಯೋದು, ಹೆಚ್ಚಾದ್ರೆ ಶ್ವಾಸಕೋಶಕ್ಕೆ ತುಂಬ್ಕೊಳ್ಳುತ್ತೆ. ಕೊನೆಗೆ ಗೆದ್ದ ಟೀಮಿಗೆ ತಲೆಗೊಂದು ತುಂಡು ಐಸ್, ಬಾಯಲ್ಲಿಟ್ಟು ಚೀಪೋಕೆ ಅಂತ ತೀರ್ಮಾನ ಆಯ್ತು.

ನಗಬೇಡಿ. ಸದಾ ಬಾಯಾರಿ ಇರೋರಿಗೆ ಐಸ್ ಅಂದ್ರೆ ಏನು ಅಂತ ನಿಮಗೆ ಗೊತ್ತಿಲ್ಲ. ಮೊದಲ ದಿನ ಗೋಡೆ ಸಾಲಿನವರು ಗೆದ್ದು, ನಮ್ಮ ಕಡೆ ನೋಡ್ಕೊಂಡೇ ಕಟಕಟ ಅಂತ ಕಡಿದ್ರು. ಕಿಡ್ನಿ ಹೋದಾಗಲೂ ನನಗೆ ಅಷ್ಟು ಹೊಟ್ಟೆ ಉರಿದಿರಲಿಲ್ಲ.

ಬಹುಮತದ ನದಿ

ಆ ಗೈಡ್ ಫುಟ್‌ಪಾತಿನಲ್ಲಿ ಸಿಕ್ಕ ಹಳೇ ಪುಸ್ತಕ. ಹಿಂದಿನ ಉತ್ತರದ ಪುಟಗಳೇ ಇರಲಿಲ್ಲ. ಇದು ನಮಗೆ ಗೊತ್ತಾಗೋ ಹೊತ್ತಿಗೆ ಆಟದ ಹುಚ್ಚು ಹತ್ತಿಬಿಟ್ಟಿತ್ತು. ಹಾಗಾಗಿ ಸರಿ ಉತ್ತರ ಯಾವುದು ಅಂತ ಕೈ ಎತ್ತಿಸಿ ನಿರ್ಧಾರ ಮಾಡೋಕೆ ಶುರು ಮಾಡಿದ್ವಿ. ಖಾಲಿ ಇರೋ ಕೈ ಮಾತ್ರ. ಇನ್ನೊಂದು ಎತ್ತಿದ್ರೆ ಮೆಷಿನ್ ಕಿರುಚುತ್ತೆ.

"ಭಾರತದಾಗ ಅತಿ ಉದ್ದದ ನದಿ ಯಾವುದು?"

ನಮ್ಮ ಸಾಲಿನಲ್ಲಿ ರಿಟೈರ್ಡ್ ಬ್ಯಾಂಕಿನವರೊಬ್ರು ಇದ್ರು, ನಮ್ಮ ಟೀಮಿನ ತಲೆ. ಅವರು ಗಂಗಾ ಅಂದ್ರು. ಅವರ ಪಕ್ಕದ ಬೆಡ್ಡಿನಲ್ಲಿ ಅಟ್ಟೂರಿನ ಗೌಡ್ರು. ಹಳೇ ಊರಿನ ಜಮೀನ್ದಾರರು, ಹೊಲ ಇದ್ದ ಕಡೆ ಈಗ ಅವರದ್ದೇ ಬಿಲ್ಡಿಂಗುಗಳು. ಸೋಲೋದು ಅಂದ್ರೇನು ಅಂತಾನೇ ಗೊತ್ತಿಲ್ಲದ ಮನುಷ್ಯ.

"ಗಂಗೆ ಯಾವನ್ ನೋಡವ್ನೆ? ಅರ್ಕಾವತಿ ಅಂತ ಬರ್ಕೋ. ನಾನ್ ಚಿಕ್ಕೋನಿದ್ದಾಗ ಎಸರಘಟ್ಟದ ತಾವ ಈಜಿದೀನಿ. ಎಷ್ಟ್ ಈಜಿದ್ರೂ ಮುಗೀತಿರ್ಲಿಲ್ಲ" ಅಂದ್ರು ಗೌಡ್ರು.

"ಗೌಡ್ರೇ, ಅದರಲ್ಲಿ ನೀರೇ ಇಲ್ಲ" ಅಂದೆ.

"ಪ್ರಶ್ನೆ ಉದ್ದದ್ದು ಕಣಮ್ಮ. ನೀರಿಂದಲ್ಲ."

ಕೈ ಎತ್ತಿಸಿದ್ರು. ಗೋಡೆ ಸಾಲಿನಲ್ಲಿ ಅರ್ಧ ಜನ ಗೌಡ್ರ ಬಾಡಿಗೆ ಮನೆಗಳಲ್ಲಿ ಇರೋರು. ಅರ್ಕಾವತಿ ಭಾರಿ ಬಹುಮತದಿಂದ ಗೆದ್ದಿತು. ಬ್ಯಾಂಕಿನವರು ಕಣ್ಣು ಮುಚ್ಚಿ, "ಶಿವನೇ, ಕರ್ಕೊಳ್ಳೋದಾದ್ರೆ ಈಗ್ಲೇ ಕರ್ಕೋ" ಅಂದ್ರು.

ಸ್ವಲ್ಪ ದಿನಕ್ಕೆ ನಮ್ಮ ಟೆಕ್ನಿಷಿಯನ್ ಪರೀಕ್ಷೆ ಬರೆದು ಬಂದ. ಮುಖ ಹುಳ್ಳಗಾಗಿತ್ತು. ಹೇಗಾಯ್ತಪ್ಪಾ ಅಂತ ಕೇಳಿದೆ.

"ನದಿ ಪ್ರಶ್ನೆ ಬಂದಿತ್ರಿ ಅಕ್ಕಾರ. ಆದ್ರ ನಾಕೂ ಆಪ್ಷನ್‌ನಾಗ ಅರ್ಕಾವತಿನ ಇರ್ಲಿಲ್ಲ. ಪೇಪರ್ ತಪ್ಪು ಪ್ರಿಂಟ್ ಆಗೇತಿ ಅಂತ ಸೂಪರ್‌ವೈಸರ್ ಕೂಡ ಜಗಳಾಡಿ ಬಂದೆ."

ಹೊಸಬರು

ಬ್ಯಾಂಕಿನವರ ಮಾತು ಶಿವನಿಗೆ ತಡವಾಗಿ ಕೇಳಿಸ್ತೋ ಏನೋ. ಒಂದು ಸೋಮವಾರ ಅವರು ಬರಲಿಲ್ಲ. ನಮ್ಮಲ್ಲಿ ಯಾರೂ ಯಾಕೆ ಅಂತ ಕೇಳಲ್ಲ. ಹಾಸಿಗೆ ಮೇಲೆ ಹೊಸ ಬೆಡ್‌ಶೀಟ್ ಹಾಕಿ, ತಲೆದಿಂಬು ಬದಲಾಯಿಸಿದ್ರೆ ಅರ್ಥ ಮಾಡ್ಕೋತೀವಿ. ಅವತ್ತು ವಾರ್ಡಿನಲ್ಲಿ ಮೆಷಿನ್‌ಗಳ ಗುಂಯ್ ಒಂದೇ. ಮುಂದಿನ ಬೆಡ್‌ಶೀಟ್ ಯಾರದ್ದು ಅಂತ ಪ್ರತಿಯೊಬ್ಬರೂ ಯೋಚಿಸ್ತಿದ್ದಿದ್ದು ಮುಖದಲ್ಲೇ ಕಾಣ್ತಿತ್ತು.

ಆಮೇಲೆ ಗೋಡೆ ಸಾಲಿನಿಂದ ಮೆತ್ತಗೆ ಒಂದು ದನಿ ಬಂತು. "ಪಾಪ, ದೇವರಂಥ ಮನುಷ್ಯ. ಆದ್ರೆ ಮೇಡಂ, ಅವರ ಹಳೇ ಪಾಯಿಂಟ್ಸ್ ಇನ್ನು ನಿಮ್ಮ ಲೆಕ್ಕಕ್ಕೆ ಬರಲ್ಲ ಅಲ್ವಾ?"

ನಾನು ಬೈದ ಬೈಗುಳ ಇಲ್ಲಿ ಬರೆಯೋ ಹಾಗಿಲ್ಲ.

ಅದೇ ವಾರ ಆ ಬೆಡ್ಡಿಗೆ ಹೊಸಬರೊಬ್ರು ಬಂದ್ರು. ಯಶವಂತಪುರದಲ್ಲಿ ಅಕೌಂಟೆಂಟ್, ಇನ್ನೂ ಸಣ್ಣ ವಯಸ್ಸು. ಮೊದಲ ಡಯಾಲಿಸಿಸ್. ಆ ದಪ್ಪ ಸೂಜಿ ನೋಡಿ ಮುಖ ಬಿಳಿಚ್ಕೊಂಡಿತ್ತು. ನಮಗೋ ಟೀಮಿನಲ್ಲಿ ಜಾಗ ಖಾಲಿ. ಸೂಜಿ ಒಳಗೆ ಹೋಗ್ತಿದ್ದ ಹಾಗೇ ಗೌಡ್ರು ಅವರ ಕಡೆ ಕತ್ತು ಚಾಚಿದ್ರು.

"ಏನ್ ಸ್ವಾಮಿ, ಇತಿಹಾಸ ಎಂಗೈತೆ?"

"ಶುಗರ್ ಇತ್ತು ಸರ್. ಅದರಿಂದಾನೇ ಆಗಿದ್ದು ಅಂದ್ರು."

"ಅದಲ್ಲ ಕಣ್ರೀ. ಮೊಗಲರು, ಬ್ರಿಟಿಷರು. ಬೂಗೋಳ ಗೊತ್ತಾ?"

ಆ ಮನುಷ್ಯ ಹೆದರಿ ನನ್ನ ಕಡೆ ನೋಡಿದ್ರು. "ಮೇಡಂ, ನಾನು ಓದಿದ್ದು ಕಾಮರ್ಸ್. ಅದರಿಂದ ಡಯಾಲಿಸಿಸ್‌ಗೆ ಏನಾದ್ರೂ ತೊಂದ್ರೆ ಆಗುತ್ತಾ?"

ಗೌಡ್ರ ಗಡ್ಡ

ಗೌಡ್ರ ಕಥೆ ಬೇರೆ. ಅವರಿಗೆ ಕಿಡ್ನಿ ಕೊಡೋಕೆ ಅವರ ಹೆಂಡತಿ ತಯಾರಿದ್ರು. ಎಲ್ಲಾ ಟೆಸ್ಟೂ ಆಗಿ, ಹೊಂದಾಣಿಕೆ ಆಗುತ್ತೆ ಅಂತಾನೂ ಬಂದಿತ್ತು. ನಮ್ಮಲ್ಲಿ ಎಷ್ಟೋ ಜನ ಅಂಥದ್ದೊಂದು ಸುದ್ದಿಗೆ ವರ್ಷಗಟ್ಟಲೆ ಕಾಯ್ತಾ ಇದ್ವಿ. ಈ ಮಹಾನುಭಾವ ಮಾತ್ರ ಒಪ್ಪಿಗೆ ಸಹಿ ಹಾಕಲ್ಲ. ಅವರ ಹೃದಯ ಬೇರೆ ಸೋಲ್ತಾ ಇತ್ತು. ಇನ್ನು ತಡ ಮಾಡಿದ್ರೆ ಆಪರೇಷನ್ ಮಾಡೋಕೂ ಆಗಲ್ಲ, ಜೀವಾನೂ ಉಳಿಯಲ್ಲ ಅಂತ ಡಾಕ್ಟರ್ ನಮ್ಮೆಲ್ಲರ ಎದುರೇ ಹೇಳಿ ಹೋದ್ರು.

"ಎಂಗಸ್ರ ಕಿಡ್ನಿ ಆಕುಸ್ಕೊಂಡು, ನಂಗೆ ಗಡ್ಡ ಬರೋದು ನಿಂತೋದ್ರೆ ಊರಲ್ಲಿ ಎಂಗ್ ತಲೆ ಎತ್ಲಿ?" ಅಂದ್ರು ಗೌಡ್ರು.

"ನಿಂತ್ರೆ ಒಳ್ಳೇದೇ. ನನ್ನ ಪಾರ್ಲರಿನಲ್ಲಿ ಅದಕ್ಕೇ ಹೆಂಗಸರು ದುಡ್ಡು ಕೊಡ್ತಾರೆ" ಅಂದೆ.

ಒಂದು ಸಂಜೆ ಡಯಾಲಿಸಿಸ್ ಮಧ್ಯೆ ಗೌಡ್ರ ಬಿ.ಪಿ. ಧೊಪ್ಪಂತ ಇಳಿದು, ಕಣ್ಣು ಮೇಲಕ್ಕೆ ಸಿಕ್ಕಿಸಿಕೊಂಡ್ರು. ಓಡಾಟ, ಇಂಜೆಕ್ಷನ್ನು, ಕಾಲು ಎತ್ತಿ ಹಿಡಿಯೋದು. ಅಂತೂ ವಾಪಸ್ ಬಂದ್ರು. ಎಲ್ಲಾ ತಣ್ಣಗಾದ ಮೇಲೆ ನನ್ನ ಕಡೆ ತಿರುಗಿ, ಅವರ ಪ್ರಕಾರ ಪಿಸುದನಿಯಲ್ಲಿ ಹೇಳಿದ್ರು.

"ಅಮ್ಮಣ್ಣಿ, ಗಡ್ಡ ಗಿಡ್ಡ ಎಲ್ಲಾ ಸುಮ್ನೆ. ಅವಳನ್ನ ಕುಯ್ತಾರೆ ಕಣವ್ವ. ಟೇಬಲ್ ಮೇಲೇ ಓಗ್ಬುಟ್ರೆ? ನಾನ್ ಬದುಕ್ಬಂದು ಯಾರ್ ಮೇಲೆ ಕೂಗಾಡ್ಲಿ? ನಂಗೆ ಬಯ ಆಯ್ತದೆ. ಯಾರ್ಗೂ ಏಳ್ಬೇಡ."

ನನ್ನ ಕಣ್ಣಲ್ಲಿ ನೀರು ಬಂತು. ಇಲ್ಲ ಗೌಡ್ರೇ, ಯಾರಿಗೂ ಹೇಳಲ್ಲ ಅಂದೆ.

ಗೋಡೆ ಸಾಲಿನ ಆ ತುದಿಯಿಂದ ಯಾರೋ ಮೂಗು ಒರೆಸ್ಕೊಂಡು ಕೂಗಿದ್ರು. "ನಾವೂ ಹೇಳಲ್ಲ ಗೌಡ್ರೇ!"

ಸೊನ್ನೆಗೆ ಸೊನ್ನೆ

ನಾವು ಒಳಗೆ ಮಲಗಿರುವಾಗ ನಮ್ಮವರು ಹೊರಗೆ ಬೆಂಚಿನ ಮೇಲೆ ಕೂತಿರ್ತಾರೆ. ಗೌಡ್ತಿ ಅಲ್ಲಿ ಹೂ ಕಟ್ಕೊಂಡು ಕೂರೋರು. ಒಂದು ದಿನ ಹೂವು ಬದಿಗಿಟ್ಟು ಸೀದಾ ಒಳಗೆ ಬಂದು, ಸೊಂಟಕ್ಕೆ ಕೈ ಕೊಟ್ಟು ನಿಂತ್ರು.

"ಇವತ್ತು ನಾವು ಬೆಂಚಿನೋರು ಒಂದ್ ಟೀಮು, ನೀವ್ ಮಲ್ಗಿರೋರೆಲ್ಲ ಒಂದ್ ಟೀಮು. ನಾವ್ ಗೆದ್ರೆ ಇವರು ಸಹಿ ಆಕ್ಬೇಕು. ನೀವ್ ಗೆದ್ರೆ ನಾನ್ ಇನ್ನು ಕಿಡ್ನಿ ಮಾತೇ ಎತ್ತಲ್ಲ."

ಗೌಡ್ರು ನಕ್ಕರು. "ನಾಕ್ನೇ ಕ್ಲಾಸು ಓದಿರೋಳು ನನ್ನ ಸೋಲಿಸ್ತಾಳಂತೆ. ಆಗ್ಲಿ, ಮಾತು ಮಾತೇ."

ನಾನು ಕಣ್ಣಲ್ಲೇ ಎಲ್ಲರಿಗೂ ಸನ್ನೆ ಮಾಡಿದೆ. ಎಲ್ಲರಿಗೂ ಅರ್ಥ ಆಯ್ತು. ಟೀಮಿನ ಉತ್ತರ ಕ್ಯಾಪ್ಟನ್ನೇ ಹೇಳ್ಬೇಕು ಅನ್ನೋದು ನಿಯಮ. ಟೆಕ್ನಿಷಿಯನ್ ಅಷ್ಟರಲ್ಲಿ ಉತ್ತರ ಇರೋ ಹೊಸ ಗೈಡ್ ತಗೊಂಡಿದ್ದ.

"ಕರ್ನಾಟಕದ ರಾಜ್ಯ ಪಕ್ಷಿ?"

"ನೀಲಕಂಠ!" ಗೌಡ್ರು ಕೂಗಿದ್ರು. ಜನ್ಮದಲ್ಲಿ ಮೊದಲ ಸಲ ಸರಿ ಉತ್ತರ!

ಕ್ಯಾಪ್ಟನ್ ಆಗಿ ನಾನು, "ಕೋಳಿ" ಅಂದೆ.

"ತಪ್ಪು" ಅಂದ ಟೆಕ್ನಿಷಿಯನ್.

"ಏನಮ್ಮಾ, ರಕ್ತದ್ ಜೊತೆ ಬುದ್ದೀನೂ ತೊಳ್ದಾಕ್ತಾ ಮೆಷಿನ್ನು?"

ನಮ್ಮ ಪ್ಲಾನ್ ಚೆನ್ನಾಗೇ ಇತ್ತು. ಒಂದೇ ಒಂದು ತೊಂದರೆ ಅಂದ್ರೆ, ಬೆಂಚಿನವರಿಗೂ ಏನೂ ಗೊತ್ತಿರಲಿಲ್ಲ. ನಾವು ಬೇಕಂತ ತಪ್ಪು ಹೇಳೋದು, ಅವರು ಶ್ರದ್ಧೆಯಿಂದ ತಪ್ಪು ಹೇಳೋದು. ಕಬಡ್ಡಿ ಟೀಮಿನಲ್ಲಿ ಎಷ್ಟು ಜನ ಅಂತ ಕೇಳಿದ್ರೆ ನಮ್ಮ ಕಾಮರ್ಸಿನವರ ಮಾತು ಕೇಳಿ ನಾನು ಒಬ್ಬ ಅಂದೆ. ಬೆಂಚಿನವರು ಊರಿನಲ್ಲಿ ಆವತ್ತು ಎಷ್ಟು ಜನ ಖಾಲಿ ಇರ್ತಾರೋ ಅಷ್ಟು ಅಂದ್ರು. ಗೈಡ್ ಮುಗೀತಾ ಬಂತು, ಸ್ಕೋರು ಇನ್ನೂ ಸೊನ್ನೆಗೆ ಸೊನ್ನೆ. ನನಗೆ ಭಯ ಶುರುವಾಯ್ತು. ಇಷ್ಟು ಜನ ಸೇರಿ ಒಬ್ಬರ ಜೀವ ಉಳಿಸೋಕೆ ಹೊರಟಿದ್ವಿ, ಒಬ್ಬರಿಗೂ ಒಂದು ಉತ್ತರ ಬರ್ತಿಲ್ಲ.

ಗೌಡ್ರು ರೇಗಿದ್ರು. "ಇವರ್ಯಾರೂ ಬ್ಯಾಡ. ಕೊನೇ ಪ್ರಶ್ನೆ ನಮ್ಮಿಬ್ಬರಿಗೇ ಕೇಳು. ನಂಗೂ ಅವಳ್ಗೂ."

ಟೆಕ್ನಿಷಿಯನ್ ಬೆವರು ಒರೆಸ್ಕೊಂಡು ಪುಟ ತಿರುಗಿಸಿದ. "ಮನುಷ್ಯನ ದೇಹದಾಗ ಅತಿ ದೊಡ್ಡ ಅಂಗ ಯಾವುದು?"

"ಚರ್ಮ!" ಅಂದ್ರು ಗೌಡ್ರು.

ಸರಿ ಉತ್ತರ. ಗೈಡಿನಲ್ಲಿ ಅದೇ ಇತ್ತು, ಟೆಕ್ನಿಷಿಯನ್ ಮುಖ ನೋಡಿದ್ರೇ ಗೊತ್ತಾಗ್ತಿತ್ತು.

ಗೌಡ್ತಿ ಗಂಡನನ್ನ ಮೇಲಿಂದ ಕೆಳಗೆ ಒಂದು ಸಲ ನೋಡಿ ಹೇಳಿದ್ರು. "ಬಾಯಿ. ಇವರ್ದು."

"ಸರಿ ಉತ್ತರ!" ಅಂತ ಟೆಕ್ನಿಷಿಯನ್ ಚೀರಿ, ಗೈಡನ್ನ ಪಟ್ಟಂತ ಮುಚ್ಚಿಬಿಟ್ಟ. ಎರಡೂ ಸಾಲಿನವರು ಒಂದೊಂದೇ ಕೈಯಿಂದ ಮಂಚ ಬಡಿದ್ವಿ.

"ಅದೆಂಗ್ಲಾ ಸರಿ? ತೋರ್ಸು ಪುಸ್ತಕ! ಮೋಸ ಇದು, ಮೋಸ!" ಗೌಡ್ರು ಎದ್ದು ಹೋಗೋಣ ಅಂದ್ರೆ ಕೈಯಲ್ಲಿ ಸೂಜಿ. ಕೂಗಿ ಕೂಗಿ ಸುಸ್ತಾಗಿ, ಕಡೆಗೆ ಹೆಂಡತಿ ಮುಖ ನೋಡಿದ್ರು. ಗಂಟಲು ಬಿದ್ದೋಗಿತ್ತು. "ನಿಂಗೇನಾದ್ರೂ ಆದ್ರೆ ಏನೇ ಮಾಡ್ಲಿ?"

ಗೌಡ್ತಿ ಸೆರಗಿನಿಂದ ಅವರ ಹಣೆ ಒರೆಸಿದ್ರು. "ನೀವೇ ಇಲ್ದಿದ್ಮೇಲೆ ಎರಡೆರಡು ಇಟ್ಕೊಂಡು ನಾನೇನ್ ಮಾಡ್ಲಿ?"

ವಾರ್ಡಿನಲ್ಲಿ ಒಬ್ಬರ ಕಣ್ಣೂ ಒಣಗಿರಲಿಲ್ಲ. ಗೌಡ್ರು ಪೆನ್ ಕೇಳಿ ತಗೊಂಡು ಸಹಿ ಹಾಕಿದ್ರು.

ಸ್ಟ್ರೆಚರ್ ಮೇಲೆ

ಆಪರೇಷನ್ ಆದ ಮೇಲೆ ನಮಗೆ ಏನೂ ಸುದ್ದಿ ಇಲ್ಲ. ಫೋನ್ ಮಾಡಿದ್ರೆ ಯಾರೂ ಎತ್ತಲ್ಲ. ಗೌಡ್ರ ಬೆಡ್ಡಿಗೆ ಹೊಸ ಬೆಡ್‌ಶೀಟ್ ಬಂತು. ನಮ್ಮ ಪಾಲಿಗೆ ಆ ಬೆಡ್‌ಶೀಟಿಗೆ ಒಂದೇ ಅರ್ಥ, ಎಷ್ಟೇ ಸಮಾಧಾನ ಹೇಳ್ಕೊಂಡ್ರೂ ಮನಸ್ಸು ಕೇಳಲ್ಲ. ಆ ವಾರಗಳಲ್ಲಿ ಯಾರೂ ಕ್ವಿಜ್ ಬೇಕು ಅನ್ನಲಿಲ್ಲ. ಐಸ್ ಸುಮ್ನೆ ಕೊಟ್ರೂ ಬೇಡ ಅಂದ್ವಿ.

ಆಮೇಲೆ ಒಂದು ಸಂಜೆ ಗೌಡ್ತಿ ಬಾಗಿಲಲ್ಲಿ ನಿಂತಿದ್ರು. ಒಬ್ಬರೇ. ಸೊರಗಿದ್ರು, ಪಕ್ಕೆ ಮೇಲೆ ಕೈ ಇಟ್ಕೊಂಡಿದ್ರು. ಕಾಮರ್ಸಿನವರೇ ಧೈರ್ಯ ಮಾಡಿ, "ಗೌಡ್ರು?" ಅಂದ್ರು.

"ಕೆಳಗೆ ಕಾರಲ್ಲಿ ಮಾಸ್ಕ್ ಆಕ್ಕೊಂಡು ಕೂತವ್ರೆ. ಇಲ್ಲಿಗೆ ಬಂದ್ರೆ ಇನ್ಫೆಕ್ಷನ್ ಆಯ್ತದೆ ಅಂತ ಡಾಕ್ಟ್ರು ಬಿಡಾಕಿಲ್ಲ. ನಾನ್ ಕೊಟ್ಟಿದ್ದು ಚೆನ್ನಾಗ್ ಕೆಲ್ಸ ಮಾಡ್ತೈತೆ" ಅಂದ್ರು.

ನಾನು ನಗ್ತಾ ಇದ್ದೀನೋ ಅಳ್ತಾ ಇದ್ದೀನೋ ನನಗೇ ಗೊತ್ತಾಗ್ಲಿಲ್ಲ. ಹತ್ತಿರ ಕರೆದು ಕೂರಿಸ್ಕೊಂಡೆ. ಆಪರೇಷನ್ ದಿನ ಏನಾಯ್ತು ಅಂತ ಹೇಳಿದ್ರು. ಇಬ್ಬರನ್ನೂ ಅಕ್ಕಪಕ್ಕ ಸ್ಟ್ರೆಚರ್ ಮೇಲೆ ತಳ್ಕೊಂಡು ಹೋದ್ರಂತೆ. ಥಿಯೇಟರ್ ಬಾಗಿಲ ಹತ್ತಿರ ಇಬ್ಬರನ್ನೂ ಬೇರೆ ಬೇರೆ ಕಡೆ ತಿರುಗಿಸ್ಬೇಕು. ವಾಪಸ್ ಬರ್ತೀವೋ ಇಲ್ವೋ ಯಾರಿಗೂ ಗೊತ್ತಿಲ್ಲ. ಗೌಡ್ರು ಒಂದು ನಿಮಿಷ ನಿಲ್ಸಿ ಅಂದ್ರಂತೆ. ಕೈ ಚಾಚಿ ಇವರ ಕೈ ಹಿಡ್ಕೊಂಡ್ರಂತೆ, ಕಣ್ತುಂಬ ನೀರು. ನರ್ಸುಗಳೂ ಮುಖ ಆ ಕಡೆ ತಿರುಗಿಸಿ ನಿಂತ್ರಂತೆ.

"ಏನಂದ್ರು ಗೌಡ್ತಿಯಮ್ಮ?" ಅಂತ ಕೇಳಿದೆ. ಇಡೀ ವಾರ್ಡು ಕಿವಿ ನಿಮಿರಿಸಿತ್ತು.

"ಏನಂತಾರೆ ಕರ್ಮ! 'ಚರ್ಮ ಕಣೇ' ಅಂದ್ರು."